"ನೋವೇನಿಲ್ಲ ಸಿಸ್ಟರ್, ಎದೆ ಹಿಡಿದಂಗೆ ಆಗುತ್ತೆ"

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್. ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರಿಗೆ ಮೊದಲು ಹೇಳಿಕೊಡುವುದು ಇದನ್ನೇ: ಎದೆ ಮುಟ್ಟಿಕೊಂಡು ಬಂದವರನ್ನು "ನೋವಿದೆಯಾ?" ಅಂತ ಮಾತ್ರ ಕೇಳಿ ಬಿಡಬೇಡಿ.

ಬಹಳ ಜನ ಇಲ್ಲ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಚುಚ್ಚಿದರೆ, ಉರಿದರೆ ನೋವು ಅನ್ನುತ್ತಾರೆ. ಹೃದಯದ ತೊಂದರೆಯಿಂದ ಬರುವ ಬಿಗಿತ ಹಾಗಿರುವುದಿಲ್ಲ.

"ನೋವೇನಿಲ್ಲ ಸಿಸ್ಟರ್. ತೋಟದಿಂದ ಮನೆಗೆ ಏರು ಹತ್ತುವಾಗ ಎದೆ ಹಿಡಿದಂಗೆ ಆಗುತ್ತೆ. ನಿಂತ್ರೆ ಹೋಗುತ್ತೆ. ಗ್ಯಾಸ್ ಇರ್ಬೇಕು."

"ಎಲ್ಲಿ ಅಣ್ಣಾ, ತೋರಿಸಿ?"

ಅವರು ಕೈ ಮುಷ್ಟಿ ಮಾಡಿ ಎದೆಯ ನಡುವೆ ಇಟ್ಟರು. ಬೆರಳಿನಿಂದ ಒಂದೇ ಜಾಗ ತೋರಿಸುವವರಿಗಿಂತ ಹೀಗೆ ಮುಷ್ಟಿ ಇಡುವವರನ್ನು ಕಂಡರೆ ನನಗೆ ಭಯ ಜಾಸ್ತಿ.

ಡಾಕ್ಟರು ಚೀಟಿಯಲ್ಲಿ ಬರೆಯುವ ಆಂಜೈನಾ ಇದೇ. ಹಿಸುಕುವುದು, ಉಸಿರುಗಟ್ಟಿಸುವುದು ಎಂಬ ಅರ್ಥದ ಹಳೆಯ ಗ್ರೀಕ್ ಮಾತಿನ ನಂಟು ಅದಕ್ಕಿದೆ. ಲ್ಯಾಟಿನ್‌ನಲ್ಲಿ ಮೊದಲು ಗಂಟಲು ಬಾತು ಕಟ್ಟಿಕೊಳ್ಳುವ ಕಾಯಿಲೆಗೆ ಹಾಗೆನ್ನುತ್ತಿದ್ದರು. ಅದನ್ನು ಎದೆಗೆ ತಂದವರು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. 1768ರಲ್ಲಿ ಅವರು ವಿವರಿಸಿದ ರೋಗಿಗಳಿಗೂ ನಡೆಯುವಾಗಲೇ ಹೀಗಾಗುತ್ತಿತ್ತು. ಏರಿನಲ್ಲಿ, ಊಟವಾದ ಮೇಲೆ ನಡೆದರೆ ಜಾಸ್ತಿ. ನಿಂತ ಕೂಡಲೇ ಮಾಯ. ನಮ್ಮ ಗುಡ್ಡದವರು ಹೇಳುವುದೂ ಅದನ್ನೇ ಅಲ್ವಾ! ಏರು ಹತ್ತುವಾಗ ಹೃದಯಕ್ಕೆ ರಕ್ತ ಜಾಸ್ತಿ ಬೇಕು. ರಕ್ತನಾಳ ಕಿರಿದಾಗಿದ್ದರೆ ಅಷ್ಟು ಬರುವುದಿಲ್ಲ. ನಿಂತರೆ ಬೇಡಿಕೆ ಇಳಿಯುತ್ತದೆ, ಬಿಗಿತ ಬಿಡುತ್ತದೆ.

ಹಾಗಾಗಿ ನಾನು ಕೇಳುವುದು ಬೇರೆ. ಏನು ಮಾಡುವಾಗ ಬರುತ್ತೆ? ಎಷ್ಟು ಹೊತ್ತು ಇರುತ್ತೆ? ಎಡಗೈಗೋ ದವಡೆಗೋ ಹರಿಯುತ್ತಾ? ಮೊದಲು ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಈಗ ನಿಲ್ಲಬೇಕಾಗುತ್ತಾ? ಈ ಕೊನೆಯ ಪ್ರಶ್ನೆಗೆ ಹೆಚ್ಚಾಗಿ ಹೆಂಡತಿಯೇ ಉತ್ತರ ಕೊಡುತ್ತಾರೆ. ಅವರನ್ನು ದಯವಿಟ್ಟು ಹೊರಗೆ ಕೂರಿಸಬೇಡಿ.

ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿ ಬರಬಹುದು. ಅದನ್ನು ನೋಡಿ ಮನೆಗೆ ಕಳಿಸುವಂತಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಬಿಗಿತವೂ ಗೊತ್ತಾಗದೆ ಬರೀ ಏದುಸಿರು, ಸುಸ್ತು ಇರಬಹುದು. ಕೂತರೂ ಬಿಗಿತ ಬಿಡದಿದ್ದರೆ, ಬೆವರು ಕಿತ್ತುಕೊಂಡು ಬಂದರೆ, ಕಷಾಯ ಕುಡಿದು ಬೆಳಗಿನ ಬಸ್ಸಿಗೆ ಕಾಯುವುದು ಬೇಡ. ಬೈಕಿನಲ್ಲೂ ಹೊರಡಬೇಡಿ. ಆಗಲೇ 108ಕ್ಕೆ ಫೋನ್ ಮಾಡಿ. ನಮ್ಮ ಎಷ್ಟೋ ಮನೆಗಳಲ್ಲಿ ಅಂಗಳದವರೆಗೆ ಹೋದರೆ ಮಾತ್ರ ನೆಟ್‌ವರ್ಕ್ ಸಿಗುವುದು. ಆ ಅಂಗಳಕ್ಕೆ ರೋಗಿ ಹೋಗಬಾರದು, ಬೇರೆಯವರು ಹೋಗಬೇಕು.