ಮೊದಲು ಹೆಲ್ಮೆಟ್ ತಿರುಗಿಸಿ, ಆಮೇಲೆ ಕೇಳಿ

ನಾನು ಫ್ರಾನ್ಸಿನ ರೀಮ್ಸ್ ಊರಿನಲ್ಲಿದ್ದೇನೆ, ಹಳೇ ಮಿಲಿಟರಿ ಹೆಲ್ಮೆಟ್ ಕೂಡಿಡುತ್ತೇನೆ. ಇದು ಗೊತ್ತಾದ ಮೇಲೆ ನೆಂಟರು, ನೆಂಟರ ಸ್ನೇಹಿತರು, ಪ್ರವಾಸ ಬಂದವರು ಎಲ್ಲರೂ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಕಳಿಸುತ್ತಾರೆ. ಅದೂ ಮುಂದುಗಡೆಯದು ಮಾತ್ರ. ಕೆಳಗೆ ಅದೇ ಪ್ರಶ್ನೆ: "ಇದು ಯಾವ ಕಾಲದ್ದು? ನೆಪೋಲಿಯನ್ನನದಾ? ಎಷ್ಟಕ್ಕೆ ಹೋಗುತ್ತೆ?"

ನೆಪೋಲಿಯನ್ನನದಲ್ಲ. ಉಕ್ಕಿನ ಬುರುಡೆ, ಮೇಲೆ ಹಿತ್ತಾಳೆ ಏಣು, ಏಣಿನ ಮುಂದೆ ಹಾವುಗೂದಲಿನ ಮೆಡೂಸಾ ಮುಖ, ಹಿಂದೆ ಇಳಿಬಿದ್ದ ಕುದುರೆ ಕೂದಲು ಇದ್ದರೆ ಅದು ಬಹುತೇಕ 1874ರ ಮಾದರಿ, ಕುದುರೆ ಸವಾರರದ್ದು. ನೆಪೋಲಿಯನ್ ಸತ್ತಿದ್ದು 1821ರಲ್ಲಿ. ಕೂದಲಿಲ್ಲದೆ ಬರೀ ಹಿತ್ತಾಳೆ ಫಳಫಳ ಅಂದರೆ ಅದು ಬೆಂಕಿ ಆರಿಸುವವರ ಹೆಲ್ಮೆಟ್ ಆಗಿರುವುದೇ ಜಾಸ್ತಿ. ಅದಕ್ಕೇನೂ ಬೇಸರ ಬೇಡ. ಪ್ಯಾರಿಸ್ಸಿನ ಅಗ್ನಿಶಾಮಕ ದಳ ಇವತ್ತಿಗೂ ಸೇನೆಯ ಭಾಗ, 1811ರಲ್ಲಿ ಅದನ್ನು ಕಟ್ಟಿದ್ದು ನೆಪೋಲಿಯನ್ನನೇ.

ಆದರೆ ನನಗೆ ಬರುವ ಹತ್ತರಲ್ಲಿ ಎಂಟು ಫೋಟೋ ಅದ್ರಿಯಾಂ ಹೆಲ್ಮೆಟ್ಟಿನವು. 1914ರಲ್ಲಿ ಫ್ರೆಂಚ್ ಕಾಲಾಳುಗಳು ಬಟ್ಟೆ ಟೋಪಿ ಹಾಕಿಕೊಂಡು ಮೊದಲ ಮಹಾಯುದ್ಧಕ್ಕೆ ಹೋದರು. ತಲೆಗೆ ಸಿಡಿದ ಶೆಲ್ಲಿನ ಚೂರು ಬಡಿದು ಸತ್ತವರ ಲೆಕ್ಕ ಏರತೊಡಗಿದಾಗ, 1915ರ ಶುರುವಿನಲ್ಲಿ ಟೋಪಿಯೊಳಗೆ ಇಟ್ಟುಕೊಳ್ಳಲು ಒಂದು ಉಕ್ಕಿನ ಬಟ್ಟಲು ಕೊಟ್ಟರು. ಆಮೇಲೆ ಸೇನೆಯ ಸರಬರಾಜು ವಿಭಾಗದ ಅಧಿಕಾರಿ ಲೂಯಿ ಅದ್ರಿಯಾಂ ಈ ಹೆಲ್ಮೆಟ್ ಮಾಡಿಸಿದ. ತಗಡು 0.7 ಮಿಲಿಮೀಟರ್ ದಪ್ಪ, ತೂಕ ಮುಕ್ಕಾಲು ಕೆಜಿ ಆಸುಪಾಸು. ಗುಂಡು ತಡೆಯುವುದಿಲ್ಲ. ಮೇಲಿಂದ ಬೀಳುವ ಚೂರು ತಡೆಯಲಿ ಅಂತಲೇ ಮಾಡಿದ್ದು.

ಕಾಲ ಹೇಳಬೇಕಾದರೆ ನನಗೆ ಮುಂಭಾಗ ಬೇಡ. ಅಂಚು ನೋಡಬೇಕು. ಕಿವಿಯ ಹತ್ತಿರ ಮುಂದಿನ ಅಂಚು, ಹಿಂದಿನ ಅಂಚು ಸೇರುವ ಜೋಡಣೆ ಕಂಡರೆ ಅದು 1915ರ ಮಾದರಿ. ಬುರುಡೆ, ಅಂಚು ಎರಡೂ ಒಂದೇ ತಗಡಿನಲ್ಲಿ ಒತ್ತಿದ್ದರೆ 1926ರದ್ದು. ಒಳಗಿನಿಂದ ನೆತ್ತಿ ನೋಡಿ: ನೆತ್ತಿಯ ಮೇಲಿನ ಏಣಿನ ಕೆಳಗೆ ಗಾಳಿಗೆ ಒಂದು ಉದ್ದ ಸೀಳಿದ್ದರೆ ಹಳೆಯದು, ಸಣ್ಣ ತೂತುಗಳ ಸಾಲಿದ್ದರೆ 1926. ಇಷ್ಟೇ. ಅರ್ಧ ನಿಮಿಷದ ಕೆಲಸ, ಹೆಲ್ಮೆಟ್ ತಿರುಗಿಸುವುದಕ್ಕೆ ಮಾತ್ರ ಯಾರಿಗೂ ಮನಸ್ಸಿಲ್ಲ.

ಎಲ್ಲರೂ ಲಾಂಛನ ನೋಡುತ್ತಾರೆ. ಉರಿಯುವ ಗ್ರೆನೇಡ್ ಇದ್ದರೆ ಕಾಲಾಳು, ಅಡ್ಡ ಫಿರಂಗಿ ಇದ್ದರೆ ಫಿರಂಗಿ ಪಡೆ, ಲಂಗರು ಇದ್ದರೆ ವಸಾಹತು ಪಡೆ. ಸರಿ. ಆದರೆ ಅದು ಎರಡು ಸೀಳಿಗೆ ಸಿಕ್ಕಿಸಿ ಮಡಚಿದ ತಗಡು. ನಿನ್ನೆ ಸಂಜೆ ಅಂಗಡಿಯವನೇ ಬದಲಾಯಿಸಿರಬಹುದು.

ಬಣ್ಣ ಸುಳ್ಳು ಹೇಳುವುದು ಕಷ್ಟ. ಮೊದಲು ಬಳಿದದ್ದು ಹೊಳೆಯುವ ಬೂದು ನೀಲಿ. ಹೊಳಪು ಶತ್ರುವಿಗೆ ಕಾಣುತ್ತೆ ಅಂತ ಮೇಲೆ ಬಟ್ಟೆ ಕವರು ಹಾಕಿದರು. ಚೂರು ಬಡಿದಾಗ ಆ ಕೊಳಕು ಬಟ್ಟೆ ಗಾಯದೊಳಗೆ ಹೋಗಿ ಕೀವಾಗತೊಡಗಿತು. ಕವರು ತೆಗೆಸಿ, ಹೊಳಪಿಲ್ಲದ ಬಣ್ಣಕ್ಕೆ ಬಂದರು. 1915ರ ಎಷ್ಟೋ ಹೆಲ್ಮೆಟ್ಟುಗಳು ಖಾಕಿ ಬಳಿಸಿಕೊಂಡು 1940ರಲ್ಲಿ ಮತ್ತೆ ಯುದ್ಧಕ್ಕೆ ಹೋಗಿವೆ. ಖಾಕಿ ಎದ್ದ ಕಡೆ ನೀಲಿ ಇಣುಕುತ್ತದೆ. ಒಂದೇ ಹೆಲ್ಮೆಟ್, ಎರಡು ಯುದ್ಧ, ಬೇರೆ ಬೇರೆ ತಲೆಗಳು. "ಯಾವ ವರ್ಷದ್ದು" ಅಂದರೆ ನಾನು ಯಾವುದನ್ನು ಹೇಳಲಿ?

ಈಗ ನಮ್ಮ ಭಾವನ ವಿಷಯ. ಅಕ್ಕ ಭಾವ ಮೈಸೂರಿನಿಂದ ಬಂದಿದ್ದಾಗ ಇಲ್ಲಿಯ ಹಳೇ ಸಾಮಾನಿನ ಸಂತೆಗೆ ಕರೆದುಕೊಂಡು ಹೋಗಿದ್ದೆ. ಭಾವ ಒಂದು ಹೆಲ್ಮೆಟ್ ಕೊಂಡರು. ಮುಂದಿನ ಅಂಚಿಗೆ ಹಿತ್ತಾಳೆ ಪಟ್ಟಿ, ಅದರ ಮೇಲೆ ಫ್ರೆಂಚಿನಲ್ಲಿ "ಮಹಾಯುದ್ಧದ ಸೈನಿಕ, 1914-1918". "ನೋಡಯ್ಯ, 1914 ಅಂತ ಅದರಲ್ಲೇ ಬರೆದಿದೆ, ನಿನ್ನ ಕೇಳೋದೇನು" ಅಂದರು. ಭಾವ, 1914ರಲ್ಲಿ ಈ ಹೆಲ್ಮೆಟ್ಟೇ ಇರಲಿಲ್ಲ, ಪಟ್ಟಿ ಯುದ್ಧ ಮುಗಿದ ಮೇಲೆ ನೆನಪಿಗೆ ಕೊಟ್ಟದ್ದು ಅಂದೆ. ಅಷ್ಟರಲ್ಲಿ ಒಳಗಿನ ತೊಗಲಿನ ಪಟ್ಟಿಯಲ್ಲಿ ಶಾಯಿಯಲ್ಲಿ ಬರೆದ ಹೆಸರಿನಂಥದ್ದೇನೋ ಕಂಡಿತು. ಮಸುಕಾಗಿತ್ತು. ಮನೆಗೆ ಹೋಗಿ ಬೆಳಕಿನಲ್ಲಿ ಓದೋಣ ಅಂದುಕೊಂಡೆ. ಮರುದಿನ ಬೆಳಿಗ್ಗೆಯೇ ಅವರ ವಿಮಾನ, ಗಡಿಬಿಡಿಯಲ್ಲಿ ಆಗಲಿಲ್ಲ.

ಹದಿನೈದು ದಿನ ಬಿಟ್ಟು ವಿಡಿಯೋ ಕಾಲ್ ಬಂತು. ಹೆಲ್ಮೆಟ್ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಪಟ್ಟಿಗೆ ಹುಣಸೆಹಣ್ಣು, ಉಳಿದದ್ದಕ್ಕೆ ಸ್ಟೀಲ್ ಜುಂಗು. ಒಳಗಿನ ತೊಗಲು ಎಲ್ಲಿ ಭಾವ ಅಂದೆ. "ಥೂ, ವಾಸನೆ, ಕಿತ್ತು ಬಿಸಾಕಿದೆ" ಅಂದರು. ನನಗೆ ಆ ದಿನ ಊಟ ಸೇರಲಿಲ್ಲ. ಭಾವನ ಮೇಲೆ ಸಿಟ್ಟಿಲ್ಲ, ನಮ್ಮ ಮನೆಗಳಲ್ಲಿ ಹಳೇದನ್ನು ತಿಕ್ಕಿ ಬೆಳಗುವುದೇ ಅದಕ್ಕೆ ಕೊಡುವ ಮರ್ಯಾದೆ. ಆದರೆ ಆ ತೊಗಲಿನಲ್ಲಿ ಒಬ್ಬ ಮನುಷ್ಯನಿದ್ದ.

ಯಾರಾದರೂ ಒಮ್ಮೆ "ಇದನ್ನು ಹಾಕಿಕೊಂಡಿದ್ದವರು ಯಾರು?" ಅಂತ ಕೇಳಲಿ ಅಂತ ನನ್ನಾಸೆ. ಎಷ್ಟೋ ಸಲ ಉತ್ತರ ಸಿಗುವುದಿಲ್ಲ. ಹೆಸರೊಂದು ಸಿಕ್ಕರೆ ಹುಡುಕಲು ದಾರಿ ಇದೆ. ಫ್ರೆಂಚ್ ರಕ್ಷಣಾ ಇಲಾಖೆಯ ಮೆಮ್ವಾರ್ ದೆಜೋಮ್ (Mémoire des hommes) ಜಾಲತಾಣದಲ್ಲಿ ಆ ಯುದ್ಧದಲ್ಲಿ ಸತ್ತ 13 ಲಕ್ಷಕ್ಕೂ ಹೆಚ್ಚು ಸೈನಿಕರ ಚೀಟಿಗಳಿವೆ: ಹುಟ್ಟಿದ ಊರು, ರೆಜಿಮೆಂಟು, ಸತ್ತ ದಿನ, ಸತ್ತ ಜಾಗ. ಬದುಕಿ ಬಂದವರ ದಾಖಲೆ ಜಿಲ್ಲಾ ದಫ್ತರಗಳಲ್ಲಿ ಸಿಗುತ್ತದೆ. ಮೂರು ಸಂಜೆ ಕೂತು ಹುಡುಕಲು ನಾನು ತಯಾರು. ದುಡ್ಡು ಬೇಡ.

ಹಾಗಾಗಿ ಫೋಟೋ ಕಳಿಸುವುದಾದರೆ ಒಳಗಿನದು ಕಳಿಸಿ, ಅಂಚಿನ ಜೋಡಣೆಯದು ಕಳಿಸಿ, ತೊಗಲಿನ ಮೇಲೆ ಒಂದು ಅಕ್ಷರ ಕಂಡರೂ ಅದನ್ನು ಮೊದಲು ಕಳಿಸಿ. ನೀರು ಮುಟ್ಟಿಸಬೇಡಿ.

ಭಾವನ ಹೆಲ್ಮೆಟ್ ಮೈಸೂರಿನ ಶೋಕೇಸಿನಲ್ಲಿದೆ. ಹೋದ ವರ್ಷ ಹೋದಾಗ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಎರಡು ಅಂಚು ಸೇರುವ ಕಡೆ, ಜುಂಗು ತಲುಪದ ಸಂದಿಯಲ್ಲಿ, ಉಗುರಿನಷ್ಟು ನೀಲಿ ಉಳಿದಿದೆ. ಅದನ್ನು ಮುಟ್ಟಬೇಡಿ ಅಂತ ಅಕ್ಕನಿಗೂ ಹೇಳಿ ಬಂದಿದ್ದೇನೆ.