ಹಿರಿಯರೇ ಸಿಗದಿದ್ದರೆ ಹಿಡಿತ ಸಡಿಲವಾಗುತ್ತೆ ಅಲ್ವಾ?

ಕಟ್ಟುನಿಟ್ಟಿನ ಧಾರ್ಮಿಕ ಸಮುದಾಯಗಳ ಬಗ್ಗೆ ನಾನು ಓದುತ್ತೇನೆ, ಬರೆಯುತ್ತೇನೆ ಅಂತ ಗೊತ್ತಾದವರು ಪದೇ ಪದೇ ಇದೇ ಪ್ರಶ್ನೆ ಕೇಳುತ್ತಾರೆ. "ಅಲ್ಲಿ ಮುಂದಾಳುಗಳಾಗೋಕೆ ಜನವೇ ಸಿಗ್ತಿಲ್ಲವಂತೆ. ಹಾಗಾದ್ರೆ ಹಿಡಿತ ತಾನಾಗಿಯೇ ಸಡಿಲವಾಗುತ್ತೆ ಅಲ್ವಾ?" ಕೇಳುವವರಲ್ಲಿ ಹಲವರ ಮನೆಯವರೇ ಯಾರಾದರೂ ಒಳಗಿರುತ್ತಾರೆ. ಅಮ್ಮ, ತಂಗಿ, ಮಗ. ಅವರಿಗೆ ಬೇಕಾಗಿರುವುದು "ಹೌದು" ಅನ್ನುವ ಮಾತು. ನನಗೆ ಅಷ್ಟು ಸುಲಭವಾಗಿ ಹಾಗೆ ಹೇಳಲು ಆಗುವುದಿಲ್ಲ.

ಏನೋ ಒಂದು ಸಡಿಲವಾಗುವುದು ನಿಜ. ಆದರೆ ಮೊದಲು ಕಡಿಮೆಯಾಗುವುದು ಆರೈಕೆ. ಶಿಕ್ಷೆ ಕೊನೆಯವರೆಗೂ ಉಳಿಯುತ್ತದೆ.

ಮನೆ ಮನೆಗೆ ಹೋಗಿ ತಮ್ಮ ನಂಬಿಕೆ ಸಾರುವ ಕ್ರೈಸ್ತ ಪಂಗಡವಾದ ಯೆಹೋವನ ಸಾಕ್ಷಿಗಳನ್ನೇ ನೋಡಿ. ಅವರ ಸಭೆಗಳಲ್ಲಿ ಸಂಬಳ ತೆಗೆದುಕೊಳ್ಳುವ ಪಾದ್ರಿ ಇಲ್ಲ. ಪ್ರತಿ ಸಭೆಗೂ 'ಹಿರಿಯರು' ಅಂತ ಕೆಲವು ಗಂಡಸರು ಇರುತ್ತಾರೆ, ಅವರಿಗೆ ನೆರವಾಗಲು ಸಹಾಯಕ ಸೇವಕರು. ಹಗಲೆಲ್ಲ ಹೊಟ್ಟೆಪಾಡಿನ ಕೆಲಸ ಮಾಡಿ ಸಂಜೆ ಇದನ್ನು ಮಾಡಬೇಕು. ವಾರಕ್ಕೆ ಎರಡು ಕೂಟ, ಭಾಷಣದ ತಯಾರಿ, ಲೆಕ್ಕಪತ್ರ, ಸಭಾಗೃಹದ ರಿಪೇರಿ, ಕಾಯಿಲೆಯವರ ಮನೆಗೆ ಭೇಟಿ, ನಂಬಿಕೆ ಕುಗ್ಗಿದವರ ಜೊತೆ ಮಾತು, ತಪ್ಪು ಮಾಡಿದರು ಅಂತ ಹೇಳಲಾದವರ ವಿಚಾರಣೆ, ಎಲ್ಲವೂ ಅವರ ತಲೆ ಮೇಲೆ. ಹೆಂಗಸರು ಹಿರಿಯರಾಗುವಂತಿಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯ ಪ್ರಕಾರ ಅಲ್ಲಿನ ಸಾಕ್ಷಿಗಳಲ್ಲಿ ಶೇ 65 ಮಂದಿ ಹೆಂಗಸರು. ಅಂದರೆ ಮೂರರಲ್ಲಿ ಎರಡು ಪಾಲು ಜನ ಶುರುವಿನಲ್ಲೇ ಲೆಕ್ಕದಿಂದ ಹೊರಗೆ. ಅದೇ ಸಮೀಕ್ಷೆಯಲ್ಲಿ, ಆ ನಂಬಿಕೆಯಲ್ಲಿ ಬೆಳೆದವರ ಪೈಕಿ ದೊಡ್ಡವರಾದ ಮೇಲೂ ಅದರಲ್ಲೇ ಉಳಿದವರು ಶೇ 34 ಮಾತ್ರ. ಉಳಿದ ಗಂಡಸರಿಗೂ ದಾರಿ ಸಲೀಸಲ್ಲ. ಮನೆಯಲ್ಲಿರುವ ಮಗ ಅಡ್ಡದಾರಿ ಹಿಡಿದರೆ ಅಪ್ಪ ಹಿರಿಯನಾಗಿ ಮುಂದುವರಿಯಬಹುದಾ ಅನ್ನುವ ಪ್ರಶ್ನೆ ಏಳುತ್ತದೆ. ಕೊರತೆ ಯಾಕೆ ಬರುತ್ತದೆ ಅಂತ ಇನ್ನೂ ವಿವರಿಸಬೇಕಿಲ್ಲ ಅಂದುಕೊಳ್ಳುತ್ತೇನೆ.

ಈಗ ಐದು ಜನ ಹಿರಿಯರಿದ್ದ ಸಭೆಯಲ್ಲಿ ಇಬ್ಬರೇ ಉಳಿದಿದ್ದಾರೆ ಅಂದುಕೊಳ್ಳಿ. ಕೂಟ ನಿಲ್ಲಿಸುವಂತಿಲ್ಲ. ಮೇಲಿನಿಂದ ಬಂದ ಪತ್ರ ಓದದೆ ಇರುವಂತಿಲ್ಲ. ಗಂಭೀರವಾದ ದೂರು ಬಂದರೆ ವಿಚಾರಣೆ ತಪ್ಪಿಸುವಂತಿಲ್ಲ. ಬಿಡಬಹುದಾದದ್ದು ಒಂದೇ, ಯಾರದಾದರೂ ಮನೆಗೆ ಹೋಗಿ ಸುಮ್ನೆ ಅರ್ಧ ಗಂಟೆ ಕೂತು ಬರುವುದು. ಅದನ್ನು ಮಾಡಿದಿರಾ ಅಂತ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಹಾಗಾಗಿ ಅದೇ ಮೊದಲು ಬಿಟ್ಟುಹೋಗುತ್ತದೆ. ಗಂಡ ಸತ್ತ ಮೇಲೆ ಒಂಟಿಯಾದವಳು, ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾರದವನು, ಇಂಥವರ ಬಾಗಿಲು ತಟ್ಟುವವರು ಇಲ್ಲವಾಗುತ್ತಾರೆ.

ಬಹಿಷ್ಕಾರದ ಲೆಕ್ಕವೇ ಬೇರೆ. ಒಬ್ಬ ಮನುಷ್ಯನ ಜೊತೆ ನಿಲ್ಲಲು ತಿಂಗಳುಗಟ್ಟಲೆ ಬೇಕು. ಅವನನ್ನು ಹೊರಗೆ ಹಾಕಲು ಮೂರು ಜನ ಹಿರಿಯರ ಸಮಿತಿ ಮತ್ತು ಒಂದೋ ಎರಡೋ ಸಂಜೆ ಸಾಕು. ಆಮೇಲೆ ಕೂಟದಲ್ಲಿ ಒಂದೇ ಒಂದು ವಾಕ್ಯದ ಪ್ರಕಟಣೆ. ಅದನ್ನು ಓದಲು ಒಬ್ಬ ಸಾಕು. ಜಾರಿಗೆ ತರುವವರು ಹಿರಿಯರೇ ಅಲ್ಲ! ಬೇರೆ ಮನೆಯಲ್ಲಿರುವ ಅಮ್ಮ ಫೋನ್ ಮಾಡುವುದನ್ನು ನಿಲ್ಲಿಸುತ್ತಾಳೆ, ಅಣ್ಣ ಮದುವೆಗೆ ಕರೆಯುವುದಿಲ್ಲ, ಚಿಕ್ಕಂದಿನ ಗೆಳತಿ ಎದುರಿಗೆ ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ. ಹಿರಿಯರ ಸಂಖ್ಯೆ ಎಷ್ಟೇ ಕುಸಿದರೂ ಈ ಕೆಲಸಕ್ಕೆ ಜನರ ಕೊರತೆ ಬರುವುದಿಲ್ಲ. 2024ರಲ್ಲಿ ಈ ನಿಯಮ ಸ್ವಲ್ಪ ಮೆತ್ತಗಾಯಿತು. ಹೆಸರು ಬದಲಾಗಿ 'ಸಭೆಯಿಂದ ತೆಗೆಯುವುದು' ಅಂತಾಯಿತು, ಅಂಥವರು ಕೂಟಕ್ಕೆ ಬಂದರೆ ಚಿಕ್ಕದಾಗಿ ನಮಸ್ಕಾರ ಹೇಳಬಹುದು ಅಂತಾಯಿತು. ಆದರೆ ಆ ಮೆತ್ತಗಾಗುವಿಕೆಯೂ ನ್ಯೂಯಾರ್ಕ್ ರಾಜ್ಯದ ವಾರ್ವಿಕ್‌ನಲ್ಲಿ ಕೂತು ಇಡೀ ಸಂಘಟನೆಯನ್ನು ನಡೆಸುವ ಆಡಳಿತ ಮಂಡಲಿಯಿಂದಲೇ ಬಂತು. ಯಾವುದೋ ಸಭೆಯ ಹಿರಿಯ ತಾನಾಗಿ ತೀರ್ಮಾನಿಸಿದ್ದಲ್ಲ.

ಸಮಿತಿಗೆ ಮೂವರು ಸಿಗದಿದ್ದರೆ ಪಕ್ಕದ ಸಭೆಯಿಂದ ಕರೆಸುತ್ತಾರೆ. ಇದು ಒಳ್ಳೆಯದಲ್ವಾ, ಪಕ್ಷಪಾತ ಇರಲ್ಲ, ಅಂತ ಕೆಲವರು ಹೇಳುತ್ತಾರೆ. ಒಮ್ಮೊಮ್ಮೆ ನಿಜವಿರಬಹುದು. ಆದರೆ ನಿಮ್ಮನ್ನು ಇಪ್ಪತ್ತು ವರ್ಷದಿಂದ ಕಂಡವನಿಗೆ ನಿಮ್ಮ ಕೆಲಸ ಹೋದದ್ದು ಗೊತ್ತು, ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಗೊತ್ತು, ನೀವು ಹಿಂದೆ ಯಾರ ಕಷ್ಟಕ್ಕೆ ಓಡಿಹೋಗಿದ್ದಿರಿ ಅನ್ನುವುದೂ ನೆನಪಿರುತ್ತದೆ. ಹೊರಗಿನಿಂದ ಬಂದವನ ಕೈಯಲ್ಲಿ ನಿಯಮದ ಪುಸ್ತಕ ಮಾತ್ರ ಇರುತ್ತದೆ.

ಇನ್ನೊಂದು ವಿಷಯ. ಐದು ಜನ ಕೂತಲ್ಲಿ ಒಬ್ಬನಾದರೂ "ಬೇಡ, ಇನ್ನೊಂದು ಸಲ ಮಾತಾಡಿ ನೋಡೋಣ" ಅನ್ನುವ ಸಾಧ್ಯತೆ ಇರುತ್ತದೆ. ಇಬ್ಬರೇ ಇದ್ದರೆ ದನಿ ಜೋರಿರುವವನ ಮಾತೇ ನಡೆಯುತ್ತದೆ. ಆ ಇಬ್ಬರು ಭಾವ-ಮೈದುನರೋ ಅಪ್ಪ-ಮಗನೋ ಆಗಿದ್ದರಂತೂ ಕೇಳುವುದೇ ಬೇಡ. ಆ ದನಿ ಜೋರಿರುವವನ ಮೇಲೆ ದೂರು ಹೇಳಿದರೂ ಅವನನ್ನು ತೆಗೆಯುವುದು ಕಷ್ಟ, ಯಾಕೆಂದರೆ ಆ ಜಾಗಕ್ಕೆ ಬೇರೆ ಯಾರೂ ಇಲ್ಲ. ದೂರು ಹೇಳುವವಳು ಹೆಂಗಸೋ ಮಗುವೋ ಆಗಿದ್ದಾಗ ಇದು ನನ್ನನ್ನು ತುಂಬಾ ಕಾಡುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ತನಿಖಾ ಆಯೋಗವಾದ ರಾಯಲ್ ಕಮಿಷನ್ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಚಾರಣೆ ನಡೆಸಿದಾಗ, ಯೆಹೋವನ ಸಾಕ್ಷಿಗಳ ಅಲ್ಲಿನ ಕಡತಗಳಲ್ಲಿ 1950ರಿಂದ ಈಚೆಗೆ 1,006 ಮಂದಿಯ ಮೇಲಿನ ಆರೋಪಗಳು ಸಿಕ್ಕವು. ಸಂಘಟನೆಯಾಗಿ ಒಂದನ್ನೂ ಪೊಲೀಸರಿಗೆ ತಿಳಿಸಿರಲಿಲ್ಲ. ಆರೋಪಿ ಒಪ್ಪಿಕೊಳ್ಳದಿದ್ದರೆ ಸಾಕ್ಷಿ ಹೇಳಲು ಇಬ್ಬರು ಬೇಕು ಅನ್ನುವ ನಿಯಮ, ತೀರ್ಮಾನ ಮಾಡುವವರೆಲ್ಲ ಗಂಡಸರೇ ಆಗಿರುವುದು, ಎರಡನ್ನೂ ಕಮಿಷನ್ ಟೀಕಿಸಿತು. ಅದು ಹಿರಿಯರ ಕೊರತೆಯಿಂದ ಆದದ್ದು ಅಂತ ನಾನು ಹೇಳುತ್ತಿಲ್ಲ. ಮೊದಲೇ ಅಷ್ಟು ಕಿರಿದಾದ ಬಾಗಿಲು, ಒಳಗೆ ಕೇಳಿಸಿಕೊಳ್ಳುವವರು ಇನ್ನೂ ಕಡಿಮೆಯಾದರೆ ಏನಾಗಬಹುದು ಅಂತ ಯೋಚಿಸಿ.

ಸ್ಥಳೀಯ ಕೈ ಸೋತಾಗ ಅಧಿಕಾರ ಮೇಲಕ್ಕೂ ಸರಿಯುತ್ತದೆ. ವರ್ಷಕ್ಕೆ ಸುಮಾರು ಎರಡು ಸಲ ಬಂದು ಒಂದು ವಾರ ಇದ್ದು ಹೋಗುವ ಸರ್ಕಿಟ್ ಮೇಲ್ವಿಚಾರಕ, ಅಂದರೆ ಹಲವು ಸಭೆಗಳನ್ನು ನೋಡಿಕೊಳ್ಳುವವರು, ಇದ್ದಾರಲ್ಲ, 2014ರ ಸೆಪ್ಟೆಂಬರ್‌ನಿಂದ ಹಿರಿಯರನ್ನು ನೇಮಿಸುವುದೇ ಅವರು. ಅದೇ ವರ್ಷ ಆಡಳಿತ ಮಂಡಲಿ ತನ್ನದೇ ಆನ್‌ಲೈನ್ ಟಿವಿ ಶುರು ಮಾಡಿತು, ಈಗ ಕೂಟಗಳಲ್ಲೂ ವಿಡಿಯೊ ಹಾಕುತ್ತಾರೆ. ಒಳ್ಳೆಯ ಭಾಷಣಕಾರ ಇಲ್ಲದ ಸಭೆಗೆ ಇದರಿಂದ ಅನುಕೂಲವೇ. ಆದರೆ ಹಿಂದೆ ಊರಿನ ಹಿರಿಯನೊಬ್ಬ ತನ್ನ ಮಾತಿನಲ್ಲಿ, ತನ್ನ ಜನರನ್ನು ನೋಡಿಕೊಂಡು, ಸ್ವಲ್ಪ ಮೆದುವಾಗಿ ಹೇಳುತ್ತಿದ್ದುದನ್ನು ಈಗ ಪರದೆ ಎಲ್ಲರಿಗೂ ಒಂದೇ ಥರ ಹೇಳುತ್ತದೆ.

ಮುಂದಾಳುಗಳೇ ಇಲ್ಲದೆ ಹೋದರೆ? ಅದಕ್ಕೂ ಇತಿಹಾಸದಲ್ಲಿ ಉದಾಹರಣೆ ಇದೆ. ರಷ್ಯಾದಲ್ಲಿ 1650ರ ದಶಕದಲ್ಲಿ ಅಲ್ಲಿನ ಚರ್ಚಿನ ಮುಖ್ಯಸ್ಥ ನಿಕೋನ್ ಪೂಜಾವಿಧಿ ಬದಲಿಸಿದಾಗ ಒಪ್ಪದೆ ಹೊರನಡೆದವರನ್ನು ಹಳೆ ನಂಬಿಕೆಯವರು ಅನ್ನುತ್ತಾರೆ. ಅವರ ಪರ ಬಹಿರಂಗವಾಗಿ ನಿಂತ ಬಿಷಪ್ ಕೊಲೊಮ್ನಾದ ಪಾವೆಲ್ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಬಿಷಪ್ ಇಲ್ಲದೆ ಹೊಸ ಪಾದ್ರಿಯನ್ನು ಮಾಡುವಂತಿಲ್ಲ. ಇದ್ದ ಪಾದ್ರಿಗಳು ಒಬ್ಬೊಬ್ಬರಾಗಿ ಸತ್ತರು. ಕೆಲವರು ಸರ್ಕಾರಿ ಚರ್ಚಿನಿಂದ ಓಡಿಬಂದ ಪಾದ್ರಿಗಳನ್ನು ಇಟ್ಟುಕೊಂಡರು. ಇನ್ನು ಕೆಲವರು ಪಾದ್ರಿಯೇ ಬೇಡ ಅಂದರು. ಆ ಎರಡನೆಯವರು ಸಡಿಲವಾದರಾ? ಇಲ್ಲ. ಅವರ ಹಲವು ಗುಂಪುಗಳಲ್ಲಿ ಹೊರಗಿನವರಿಗೆ ಬೇರೆ ತಟ್ಟೆ ಲೋಟ, ಅವರ ಜೊತೆ ಕೂತು ಊಟ ಇಲ್ಲ, ಪ್ರಾರ್ಥನೆ ಇಲ್ಲ. ಕಾವಲು ಕಾಯುವ ಕೆಲಸವನ್ನು ಮನೆಯ ಅಜ್ಜಿಯೇ ಮಾಡಿದರೆ ಪಾದ್ರಿ ಯಾಕೆ ಬೇಕು?

ಉತ್ತರ ಅಮೆರಿಕದಲ್ಲಿ ಹಳೆಯ ಕಾಲದ ರೀತಿಯಲ್ಲೇ ಬದುಕುವ ಆಮಿಷ್ ಅನ್ನುವ ಕ್ರೈಸ್ತ ಪಂಗಡದ ಜನ ಇನ್ನೊಂದು ದಾರಿ ಹಿಡಿದಿದ್ದಾರೆ. ಅವರಲ್ಲಿ ಕೊರತೆ ಬರದಂತೆ ಚೀಟಿ ಎತ್ತುತ್ತಾರೆ. ಸದಸ್ಯರು ಸೂಚಿಸಿದ ಗಂಡಸರ ಮುಂದೆ ಒಂದೇ ಥರದ ಹಾಡಿನ ಪುಸ್ತಕಗಳನ್ನು ಇಡುತ್ತಾರೆ. ಯಾರ ಪುಸ್ತಕದಲ್ಲಿ ಚೀಟಿ ಇದೆಯೋ ಅವನು ಅವತ್ತಿನಿಂದ ಬೋಧಕ, ಜೀವನವಿಡೀ, ಸಂಬಳ ಇಲ್ಲದೆ. ದೀಕ್ಷಾಸ್ನಾನದ ಹೊತ್ತಿಗೇ ಹುಡುಗರು ಇದಕ್ಕೆ ಒಪ್ಪಿರುತ್ತಾರೆ. ಚೀಟಿ ಬಂದವನ ಮನೆಯವರು ಅಳುವುದುಂಟಂತೆ, ಆ ಹೊರೆ ಅಷ್ಟು ದೊಡ್ಡದು.

ಹಾಗಾದರೆ ಕೊರತೆಯಿಂದ ಯಾರಿಗೂ ಉಸಿರಾಡಲು ಜಾಗ ಸಿಗುವುದಿಲ್ಲವಾ? ಸಿಗುತ್ತದೆ. ದಣಿದ ಹಿರಿಯ ತಪ್ಪು ಹುಡುಕಿಕೊಂಡು ಹೋಗುವುದಿಲ್ಲ. ಜಗಳ ಮಾಡದೆ, ಸಭೆ ಬಿಟ್ಟೆ ಅಂತ ಪತ್ರ ಬರೆಯದೆ, ಮೆಲ್ಲಗೆ ಕೂಟ ತಪ್ಪಿಸುತ್ತಾ ದೂರವಾಗುವವರನ್ನು ಬೆನ್ನಟ್ಟಲು ಸಮಯವಿಲ್ಲ. 2023ರ ನವೆಂಬರ್‌ನಿಂದ ಸಾಕ್ಷಿಗಳಲ್ಲಿ ಸಾಮಾನ್ಯ ಪ್ರಚಾರಕರು (ನಂಬಿಕೆ ಸಾರಲು ಹೋಗುವ ಸಾಧಾರಣ ಸದಸ್ಯರು) ತಿಂಗಳಿಗೆ ಎಷ್ಟು ಗಂಟೆ ಸಾರಿದೆವು ಅಂತ ವರದಿ ಕೊಡಬೇಕಾಗಿಯೂ ಇಲ್ಲ. ಅಂಥವರಿಗೆ ಇದು ದೊಡ್ಡ ನೆಮ್ಮದಿ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಈ ಜಾಗ ಸಿಗುವುದು ಹೊರಗೆ ಹೋಗಲು ಮನಸ್ಸು, ಕೆಲಸ, ಗೆಳೆಯರು ಇರುವವರಿಗೆ. ಒಳಗೇ ಉಳಿದು ಆಸರೆ ಬೇಡುವವರಿಗೆ ಅದೇ ಜಾಗ ಬರೀ ಖಾಲಿ.

ಅದಕ್ಕೇ ಅಮ್ಮನ ಬಗ್ಗೆ ಕೇಳುವವರಿಗೆ ನಾನು ಹಿರಿಯರನ್ನು ಎಣಿಸಬೇಡಿ ಅನ್ನುತ್ತೇನೆ. ಕಾಯಿಲೆ ಬಿದ್ದಾಗ ಅವರ ಮನೆಗೆ ಈಗ ಯಾರು ಬರುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಯಾರೂ ಬರುತ್ತಿಲ್ಲ ಅಂತಾದರೆ ಅಲ್ಲಿ ನಿಮಗೆ ಜಾಗ ಇದೆ. ಧರ್ಮದ ಮಾತು ಎತ್ತಬೇಡಿ, ವಾದ ಬೇಡ. ಔಷಧಿ ತೆಗೆದುಕೊಂಡಿರಾ, ರಾತ್ರಿ ನಿದ್ದೆ ಬಂತಾ, ಅಷ್ಟೇ ಕೇಳಿ. ಫೋನ್ ಎತ್ತದಿದ್ದರೆ ಮುಂದಿನ ವಾರ ಮತ್ತೆ ಮಾಡಿ.