ಟ್ಯಾಬ್ಲೆಟ್‌ಗೆ ಎರಡು ಮೈಕ್: ಮನೆಯ ಗಮಕ ಧ್ವನಿಮುದ್ರಣದ ದಿನಚರಿ

ಏಪ್ರಿಲ್ 28, 2024, ಭಾನುವಾರ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಅತ್ತೆ ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ದೊಡ್ಡಪ್ಪ ವ್ಯಾಖ್ಯಾನ ಮಾಡುತ್ತಾರೆ. ಅಣ್ಣ ತಂಗಿಯರ ಈ ಜೋಡಿ ಬಡಾವಣೆಯ ದೇವಸ್ಥಾನಗಳಲ್ಲಿ, ಶ್ರಾವಣದ ಸಂಜೆಗಳಲ್ಲಿ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಗಮಕ ನಡೆಸಿಕೊಂಡು ಬಂದಿದೆ. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ತಮ್ಮ ಧ್ವನಿಯೂ ಒಂದು ಕಡೆ ಉಳಿಯಬೇಕು ಎಂಬ ಆಸೆಯನ್ನು ಅತ್ತೆ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಎರಡು ವರ್ಷ ನಾನು ಅದನ್ನು ಮುಂದೂಡಿದೆ. ದೊಡ್ಡಪ್ಪನಿಗೆ ಈಗ 78 ವರ್ಷ. ಇನ್ನು ಕಾಯುವುದು ಸರಿಯಲ್ಲವೆನಿಸಿ ಇಂದು ಕೆಲಸ ಶುರು ಮಾಡಿದ್ದೇನೆ.

ಕೈಯಲ್ಲಿರುವುದು ಮಗಳ ಪಾಠಕ್ಕೆಂದು ಕೊಂಡ ಒಂಬತ್ತನೇ ತಲೆಮಾರಿನ ಐಪ್ಯಾಡ್. ಅದರಲ್ಲಿ ಚಾರ್ಜಿಂಗಿಗೆ ಆಪಲ್‌ನ ಲೈಟ್ನಿಂಗ್ ಪೋರ್ಟ್ ಇದೆ, 3.5 ಮಿಲಿಮೀಟರಿನ ಹೆಡ್‌ಫೋನ್ ಜ್ಯಾಕ್ ಕೂಡ ಇದೆ. ಇಂದು ಅದನ್ನು ವ್ಯಾಸಪೀಠದ ಪಕ್ಕದಲ್ಲಿಟ್ಟು, ಒಳಗಿನ ಮೈಕಿನಲ್ಲೇ ಐದು ಪದ್ಯಗಳನ್ನು ಮುದ್ರಿಸಿ ಕೇಳಿದೆ. ಅತ್ತೆಯ ತಾರಸ್ಥಾಯಿ ಗೋಡೆಗೆ ಬಡಿದು ಹಿಂದಿರುಗಿದಂತೆ ಕೇಳಿಸುತ್ತಿತ್ತು. ದೊಡ್ಡಪ್ಪನ ಮಾತು ಫ್ಯಾನಿನ ಸದ್ದಿನ ಅಡಿಯಲ್ಲಿ ಹೂತುಹೋಗಿತ್ತು. ವಾಚನ ಎತ್ತರದ ದನಿ, ವ್ಯಾಖ್ಯಾನ ತಗ್ಗಿನ ದನಿ. ಎರಡೂ ಒಂದೇ ಟ್ರ್ಯಾಕಿನಲ್ಲಿ ಬೆರೆತರೆ ಆಮೇಲೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಲು ದಾರಿಯಿಲ್ಲ. ಆದ್ದರಿಂದ ಇಬ್ಬರಿಗೂ ಬೇರೆ ಬೇರೆ ಮೈಕ್, ಬೇರೆ ಬೇರೆ ಟ್ರ್ಯಾಕ್ ಎಂಬುದು ಈ ಕೆಲಸದ ಗುರಿ.

ಮೇ 5, ಭಾನುವಾರ

ಮೊದಲು ಸುಲಭದ ದಾರಿಯನ್ನು ನೋಡಿದೆ. ಕ್ಯಾಮೆರಾ ಜೊತೆ ಬಳಸುತ್ತಿದ್ದ ಕಾಲರ್ ಮೈಕೊಂದು ಮನೆಯಲ್ಲಿತ್ತು. ಅದನ್ನು ಹೆಡ್‌ಫೋನ್ ಜ್ಯಾಕಿಗೆ ಸಿಕ್ಕಿಸಿ, ಅತ್ತೆಯ ಸೀರೆಯ ಸೆರಗಿಗೆ ಹಾಕಿ ಮುದ್ರಿಸಿದೆ. ಕೇಳಿದರೆ ಹೋದ ವಾರದ್ದೇ ಸದ್ದು. ಮೈಕನ್ನು ಬೆರಳಿನಿಂದ ತಟ್ಟುತ್ತಾ ಮತ್ತೊಮ್ಮೆ ಮುದ್ರಿಸಿದಾಗ ತಟ್ಟಿದ್ದು ಕೇಳಲೇ ಇಲ್ಲ. ಟ್ಯಾಬ್ಲೆಟ್ಟಿನ ಅಂಚನ್ನು ತಟ್ಟಿದಾಗ ಮಾತ್ರ ಜೋರಾಗಿ ಕೇಳಿಸಿತು. ಅಂದರೆ ಅದು ಹೊರಗಿನ ಮೈಕನ್ನು ಗುರುತಿಸದೆ, ಬರಿಯ ಹೆಡ್‌ಫೋನ್ ಎಂದುಕೊಂಡು, ಒಳಗಿನ ಮೈಕಿನಲ್ಲೇ ಕೇಳಿಸಿಕೊಳ್ಳುತ್ತಿತ್ತು.

ಕಾರಣ ತಿಳಿದದ್ದು ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆಯಾದ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ. ನನ್ನ ಮೈಕಿನ ಪಿನ್ನನ್ನು ಒಮ್ಮೆ ತಿರುಗಿಸಿ ನೋಡಿದ ಅಂಗಡಿಯವರು, "ಎರಡೇ ಗೆರೆ ಇದೆ ಸಾರ್, ಟ್ಯಾಬಿಗೆ ಮೂರು ಗೆರೆ ಬೇಕು" ಎಂದರು. ಎರಡು ಕಪ್ಪು ಗೆರೆಯ ಪಿನ್ನಿನಲ್ಲಿ ಮೂರು ಲೋಹದ ಭಾಗಗಳಿರುತ್ತವೆ, ಮೂರು ಗೆರೆಯದರಲ್ಲಿ ನಾಲ್ಕು. ಟ್ಯಾಬ್ಲೆಟ್ಟು ಮತ್ತು ಫೋನುಗಳ ಜ್ಯಾಕಿನಲ್ಲಿ ತುದಿಯಿಂದ ಕ್ರಮವಾಗಿ ಎಡ ಕಿವಿ, ಬಲ ಕಿವಿ, ಗ್ರೌಂಡ್, ಕೊನೆಯದಾಗಿ ಮೈಕ್. ಆ ಕೊನೆಯ ಭಾಗ ಪ್ರತ್ಯೇಕವಾಗಿ ಇಲ್ಲದ ಪಿನ್ನನ್ನು ಸಿಕ್ಕಿಸಿದರೆ ಒಳಗೆ ಮೈಕ್ ಇದೆಯೆಂದು ಸಾಧನಕ್ಕೆ ಗೊತ್ತಾಗುವುದಿಲ್ಲ. ಎರಡು ಗೆರೆಯಿಂದ ಮೂರು ಗೆರೆಗೆ ಬದಲಿಸುವ ಚಿಕ್ಕ ಕೇಬಲ್ ತಂದು ಹಾಕಿದ ಕೂಡಲೇ ಅತ್ತೆಯ ದನಿ ಹತ್ತಿರಕ್ಕೆ ಬಂತು. ಒಬ್ಬರೇ ಹಾಡುವ, ಒಬ್ಬರೇ ಮಾತನಾಡುವ ಕೆಲಸಕ್ಕೆ ಇಷ್ಟೇ ಸಾಕು ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಈ ಜ್ಯಾಕಿನಲ್ಲಿ ಮೈಕಿಗೆ ಇರುವುದು ಒಂದೇ ದಾರಿ. ನನಗೆ ಬೇಕಾದದ್ದು ಎರಡು.

ಮೇ 12, ಭಾನುವಾರ

ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿನ ದನಿಯನ್ನು ಡಿಜಿಟಲ್ ರೂಪಕ್ಕೆ ತಿರುಗಿಸಿ ಟ್ಯಾಬ್ಲೆಟ್ಟಿಗೆ ಕಳಿಸುವ ಪೆಟ್ಟಿಗೆ, ಬಂದಿದೆ. ಕೊಳ್ಳುವಾಗ ನಾನು ಮುಖ್ಯವಾಗಿ ನೋಡಿದ್ದು ಒಂದೇ ಅಂಶ: ಅದು ಯುಎಸ್‌ಬಿ ಆಡಿಯೊದ ಸಾಮಾನ್ಯ ಮಾನದಂಡಕ್ಕೆ ಒಪ್ಪುವಂಥದ್ದಾಗಿರಬೇಕು. ಕಂಪ್ಯೂಟರಿಗಾದರೆ ಸಾಧನವನ್ನು ನಡೆಸುವ ತಯಾರಕರ ತಂತ್ರಾಂಶ, ಅಂದರೆ ಡ್ರೈವರ್, ಹಾಕಿಕೊಳ್ಳಬಹುದು. ನನ್ನ ಈ ಐಪ್ಯಾಡಿನಲ್ಲಿ ಆ ಅವಕಾಶವಿಲ್ಲದ ಕಾರಣ, ಈ ಮಾನದಂಡವನ್ನು ಪಾಲಿಸುವ ಇಂಟರ್‌ಫೇಸ್ ಮಾತ್ರ ಸಿಕ್ಕಿಸಿದೊಡನೆ ಕೆಲಸ ಮಾಡುತ್ತದೆ.

ಮೈಕಿನ ಆಯ್ಕೆಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಕಂಡೆನ್ಸರ್ ಮೈಕ್ ಸೂಕ್ಷ್ಮ. ಮೈಕಿನ ಕೇಬಲ್ಲಿನ ಮೂಲಕವೇ ಹೋಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಕೊಟ್ಟರೆ ಉಸಿರಿನ ಏರಿಳಿತವನ್ನೂ ಹಿಡಿಯುತ್ತದೆ. ಆದರೆ ನಮ್ಮದು ರಸ್ತೆಗೆ ಅಂಟಿಕೊಂಡ ಮನೆ. ಆಟೋ, ಪಕ್ಕದ ಮನೆಯ ಕುಕ್ಕರ್, ಎದುರಿನ ಹೊಂಗೆಮರದ ಕೋಗಿಲೆ, ಎಲ್ಲವನ್ನೂ ಅದು ಅಷ್ಟೇ ಅಕ್ಕರೆಯಿಂದ ಹಿಡಿದುಬಿಡುತ್ತದೆ. ಆದ್ದರಿಂದ ಶೂರ್ ಎಸ್‌ಎಂ58 ಎಂಬ ಡೈನಮಿಕ್ ಮೈಕನ್ನು ಎರಡು ತಂದೆ. 1966ರಿಂದ ವೇದಿಕೆಗಳ ಮೇಲೆ ಕಾಣುತ್ತಿರುವ ಮೈಕದು. ಅದಕ್ಕೆ ಹೊರಗಿನ ವಿದ್ಯುತ್ ಬೇಡ, ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಹಿಂದಿನಿಂದ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ.

ಕೇಬಲ್ಲಿನಲ್ಲಿ ತಪ್ಪು ಮಾಡಿದೆ. ಅಂಗಡಿಗಳಲ್ಲಿ ಮೈಕಿನ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಎಂದರೆ ಕ್ಯಾನನ್ ಪಿನ್, ಕಾಲು ಅಂಗುಲದ ಜ್ಯಾಕ್ ಎಂದರೆ ಪಿ-38. ಸಭೆಗಳ ಆಂಪ್ಲಿಫೈಯರಿಗೆ ಬಳಸುವ ಕ್ಯಾನನ್ ಟು ಪಿ-38 ಕೇಬಲ್ಲನ್ನೇ ತಂದು ಹಾಕಿದೆ. ಮೈಕಿನ ಸಂಕೇತವನ್ನು ಏರಿಸುವ ಗೇನ್ ತಿರುಪನ್ನು ಪೂರ್ತಿ ತಿರುಗಿಸಿದರೂ ದನಿ ಪಿಸುಮಾತಿನಷ್ಟೇ ಇತ್ತು. ಇಂಟರ್‌ಫೇಸಿನ ಒಂದೇ ತೂತಿನಲ್ಲಿ ಎರಡೂ ಬಗೆಯ ಪಿನ್ ಹಿಡಿಸುತ್ತದಾದರೂ, ಕ್ಯಾನನ್ ಪಿನ್ನಿನಿಂದ ಬಂದದ್ದು ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪಿಗೆ ಹೋಗುತ್ತದೆ, ಪಿ-38ರಿಂದ ಬಂದದ್ದು ಗಿಟಾರ್ ಅಥವಾ ಕೀಬೋರ್ಡಿನಂಥ ದೊಡ್ಡ ಸಂಕೇತಕ್ಕೆಂದು ಇರುವ ಬೇರೆ ದಾರಿ ಹಿಡಿಯುತ್ತದೆ. ಎರಡೂ ತುದಿಯಲ್ಲಿ ಕ್ಯಾನನ್ ಇರುವ ಕೇಬಲ್ ತಂದ ಮೇಲೆ ಸರಿಹೋಯಿತು.

ಮೇ 19, ಭಾನುವಾರ

ಲೈಟ್ನಿಂಗ್ ಪೋರ್ಟಿಗೆ, ಯುಎಸ್‌ಬಿ ಸಾಧನಗಳನ್ನು ಸೇರಿಸಿಕೊಡುವ ಕ್ಯಾಮೆರಾ ಅಡಾಪ್ಟರ್ ಹಾಕಿ ಇಂಟರ್‌ಫೇಸನ್ನು ಸಿಕ್ಕಿಸಿದೆ. ಪರದೆಯ ಮೇಲೆ ಬಂದ ಸಂದೇಶದ ಅರ್ಥ ಇಷ್ಟು: ಈ ಸಾಧನಕ್ಕೆ ತುಂಬಾ ವಿದ್ಯುತ್ ಬೇಕು, ಬಳಸಲಾಗದು. ಕಂಪ್ಯೂಟರಿನ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್‌ವರೆಗೆ ಕೊಡಬಲ್ಲದು. ನನ್ನ ಇಂಟರ್‌ಫೇಸ್ ಅದನ್ನೇ ನಂಬಿಕೊಂಡು ತಯಾರಾದದ್ದು. ಟ್ಯಾಬ್ಲೆಟ್ಟಿನ ಈ ಪೋರ್ಟು ಅಷ್ಟು ಕೊಡುವುದಿಲ್ಲ.

ಇಲ್ಲಿಯವರೆಗೆ ನಾನು ದನಿ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮಾತ್ರ ಯೋಚಿಸುತ್ತಿದ್ದೆ. ವಿದ್ಯುತ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನೂ ಅಷ್ಟೇ ಎಚ್ಚರದಿಂದ ಬರೆದಿಟ್ಟುಕೊಳ್ಳಬೇಕಿತ್ತು. ಕಾಲರ್ ಮೈಕಿಗೆ ಬೇಕಾದ ಒಂದೆರಡು ವೋಲ್ಟನ್ನು ಜ್ಯಾಕೇ ಕೊಡುತ್ತದೆ. ಡೈನಮಿಕ್ ಮೈಕಿಗೆ ಏನೂ ಬೇಡ. ಇಂಟರ್‌ಫೇಸಿಗೆ ಮಾತ್ರ ಯಾರಾದರೂ ಉಣಿಸಲೇಬೇಕು. ಯುಎಸ್‌ಬಿ 3 ಎಂದು ಬರೆದಿರುವ ಕ್ಯಾಮೆರಾ ಅಡಾಪ್ಟರಿನಲ್ಲಿ ಯುಎಸ್‌ಬಿ ತೂತಿನ ಪಕ್ಕದಲ್ಲೇ ಚಾರ್ಜಿಂಗಿಗೆಂದು ಇನ್ನೊಂದು ಲೈಟ್ನಿಂಗ್ ತೂತು ಇರುತ್ತದೆ. ಅಲ್ಲಿಗೆ ಚಾರ್ಜರ್ ಕೊಟ್ಟರೆ ಆ ವಿದ್ಯುತ್ತು ಟ್ಯಾಬ್ಲೆಟ್ಟಿಗೂ ಇಂಟರ್‌ಫೇಸಿಗೂ ಹಂಚಿಕೆಯಾಗುತ್ತದೆ. ಹಳೆಯ ಫೋನಿನ 5 ವ್ಯಾಟ್ ಚಾರ್ಜರ್ ಸಾಲಲಿಲ್ಲ. 12 ವ್ಯಾಟಿನದನ್ನು ಹಾಕಿದಾಗ ಇಂಟರ್‌ಫೇಸಿನ ಹಸಿರು ದೀಪ ಹತ್ತಿತು. ಅತ್ತೆ ಅದನ್ನು ನೋಡಿ, "ಇನ್ನು ಶ್ರುತಿ ಹಾಕಲೇನೋ?" ಎಂದು ಕೇಳಿದರು.

ಇಂಟರ್‌ಫೇಸ್ ಸೇರಿದ ಮೇಲೆ ಟ್ಯಾಬ್ಲೆಟ್ಟಿನ ಸ್ಪೀಕರ್ ಮೌನವಾಗುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ; ಒಳಬರುವ ದನಿಯ ಜೊತೆ ಹೊರಹೋಗುವ ದನಿಯೂ ಇಂಟರ್‌ಫೇಸಿಗೆ ವರ್ಗವಾಗಿರುತ್ತದೆ. ಹೆಡ್‌ಫೋನನ್ನು ಅಲ್ಲಿಯೇ ಹಾಕಬೇಕು.

ಜೂನ್ 2, ಭಾನುವಾರ

ಎರಡು ವಾರದಿಂದ ಹಿನ್ನೆಲೆಯಲ್ಲಿ ಜೇನುಗೂಡಿನಂಥ ಒಂದು ಗುಂಯ್ ಸದ್ದು ಕಾಡುತ್ತಿತ್ತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದು ಮತ್ತು ಅದರ ಮಡಿಗಳಾದ 100, 150 ಹರ್ಟ್ಸ್ ಸೇರಿದರೆ ಇಂಥ ಸದ್ದಾಗುತ್ತದೆ ಎಂಬುದು ಗೊತ್ತಿತ್ತು. ಟ್ಯಾಬ್ಲೆಟ್ಟಿನ ಲೋಹದ ಬೆನ್ನನ್ನು ಕೈಯಿಂದ ಮುಟ್ಟಿದರೆ ಸದ್ದಿನ ಗುಣ ಬದಲಾಗುತ್ತಿತ್ತು. ಆದರೂ ನಾನು ಕೇಬಲ್ಲುಗಳನ್ನೇ ಸಂಶಯಿಸಿ ಒಂದೊಂದಾಗಿ ಬದಲಾಯಿಸುತ್ತಿದ್ದೆ.

ಇಂದು ಸಂಜೆ ನಗರದಲ್ಲಿ 111 ಮಿಲಿಮೀಟರ್ ಮಳೆ ಸುರಿಯಿತು. ದೊಡ್ಡಪ್ಪ ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ಬಿಡಿಸಿ ಹೇಳುತ್ತಿರುವಾಗ ಕರೆಂಟು ಹೋಯಿತು. ಚಾರ್ಜರ್ ಸತ್ತ ಕೂಡಲೇ ಇಂಟರ್‌ಫೇಸಿನ ದೀಪ ಆರಿತು, ಮುದ್ರಣ ಅರ್ಧ ವಾಕ್ಯಕ್ಕೇ ನಿಂತಿತು. ಮನೆಯ ಯುಪಿಎಸ್ ದೀಪ ಮತ್ತು ಫ್ಯಾನುಗಳಿಗೆ ಮಾತ್ರ, ಆ ಗೋಡೆಯ ಪ್ಲಗ್ಗಿಗೆ ಇಲ್ಲ. ಮಳೆಯ ಸದ್ದಿನಲ್ಲಿ ಮುದ್ರಣ ಹೇಗೂ ಕೆಟ್ಟಿರುತ್ತಿತ್ತು. ಆದರೂ ವ್ಯವಸ್ಥೆ ಮರಳಿ ಎದ್ದೇಳುತ್ತದೆಯೇ ಎಂದು ನೋಡಲು, ಚಾರ್ಜರಿನ ಬದಲು 10,000 ಎಂಎಎಚ್‌ನ ಪವರ್ ಬ್ಯಾಂಕ್ ಕೊಟ್ಟೆ. ಹಸಿರು ದೀಪ ಹತ್ತಿತು. ಹೆಡ್‌ಫೋನ್ ಹಾಕಿಕೊಂಡರೆ ಮಳೆ ಕೇಳಿಸುತ್ತಿದೆ, ಗುಂಯ್ ಸದ್ದು ಇಲ್ಲ.

ಕರೆಂಟು ಬಂದ ಮೇಲೂ ಇಲ್ಲ. ಚಾರ್ಜರಿಗೆ ಬದಲಿಸಿದೆ, ಬಂತು. ಪವರ್ ಬ್ಯಾಂಕಿಗೆ ಬದಲಿಸಿದೆ, ಹೋಯಿತು. ಎರಡು ಕಡ್ಡಿಯ ಚಾರ್ಜರಿಗೆ ಅರ್ಥ್ ಸಂಪರ್ಕವಿರುವುದಿಲ್ಲ. ಅದರೊಳಗಿನ ಕಿರಿಯ ಕೆಪಾಸಿಟರಿನ ಮೂಲಕ ಗೋಡೆಯ ವಿದ್ಯುತ್ತು ತೀರಾ ಸಣ್ಣ ಪ್ರಮಾಣದಲ್ಲಿ ಈಚೆ ಸೋರುತ್ತದೆ. ಮುಟ್ಟಿದವರಿಗೆ ತೊಂದರೆಯಾಗುವಷ್ಟಲ್ಲ, ಆದರೆ ಮೈಕಿನ ಮಿಲಿವೋಲ್ಟುಗಳನ್ನು ಸಾವಿರ ಪಟ್ಟು ಹಿಗ್ಗಿಸುವ ಪ್ರೀಆಂಪಿಗೆ ಅಷ್ಟೇ ಸಾಕು. ಪವರ್ ಬ್ಯಾಂಕಿಗೆ ಗೋಡೆಯ ನಂಟೇ ಇಲ್ಲವಾದ್ದರಿಂದ ಸೋರಿಕೆಯೂ ಇಲ್ಲ. ಎರಡು ವಾರದ ಹುಡುಕಾಟಕ್ಕೆ ಉತ್ತರದ ಸುಳಿವು ಸಿಕ್ಕಿದ್ದು ಕರೆಂಟು ಹೋದಾಗ, ಕುಳಿತು ಮಳೆಯನ್ನು ಕೇಳುತ್ತಿದ್ದಾಗ. ಆ ಸಮಾಧಾನವನ್ನು ನಾನು ಮರೆಯಲಾರೆ.

ಜೂನ್ 16, ಭಾನುವಾರ

ಟ್ಯಾಬ್ಲೆಟ್ಟನ್ನು ಮೊದಲೇ ಪೂರ್ತಿ ಚಾರ್ಜ್ ಮಾಡಿಟ್ಟುಕೊಂಡರೆ ಪವರ್ ಬ್ಯಾಂಕಿನ ಹೊರೆ ಬಹುತೇಕ ಇಂಟರ್‌ಫೇಸಿನದ್ದು ಮಾತ್ರ. ಎರಡು ಗಂಟೆ ಕೂತ ಮೇಲೂ ನಾಲ್ಕು ದೀಪಗಳಲ್ಲಿ ಎರಡು ಉಳಿದಿದ್ದವು.

ಮುದ್ರಣಕ್ಕೆ ಆಪಲ್‌ನ ಗ್ಯಾರೇಜ್‌ಬ್ಯಾಂಡ್ ಆ್ಯಪ್ ಬಳಸುತ್ತಿದ್ದೇನೆ. ಅದು ತಾಳವಿರುವ ಸಂಗೀತಕ್ಕೆಂದು ರೂಪುಗೊಂಡದ್ದು; ಗಮಕಕ್ಕೆ ರಾಗವಿದೆ, ತಾಳವಿಲ್ಲ. ಹಾಗಾಗಿ ತೆರೆದ ಕೂಡಲೇ ಮೂರು ಕೆಲಸ ಮಾಡಬೇಕು. ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು ನಿಲ್ಲಿಸಬೇಕು. ಮೊದಲ ವಿಭಾಗದ ಉದ್ದ ಎಂಟು ಬಾರ್ (ತಾಳದ ಆವರ್ತ) ಎಂದಿರುತ್ತದೆ, ಅದನ್ನು ಆಟೊಮ್ಯಾಟಿಕ್ ಮಾಡಬೇಕು. ಮಾಡದಿದ್ದರೆ ಒಂದು ಪದ್ಯ ಮುಗಿಯುವ ಮುನ್ನವೇ ವಿಭಾಗ ಮುಗಿದಿರುತ್ತದೆ. ಮೂರನೆಯದಾಗಿ, ಸೆಟಿಂಗ್ಸಿನ ಅಡ್ವಾನ್ಸ್ಡ್ ಭಾಗದಲ್ಲಿ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್ ಎಂಬುದನ್ನು ಚಾಲೂ ಮಾಡಿ, ಒಂದು ಟ್ರ್ಯಾಕಿಗೆ ಇನ್‌ಪುಟ್ 1, ಇನ್ನೊಂದಕ್ಕೆ ಇನ್‌ಪುಟ್ 2 ಎಂದು ಆರಿಸಬೇಕು. 24 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ ಎರಡು ಟ್ರ್ಯಾಕು ಸೇರಿ ಗಂಟೆಗೆ ಸುಮಾರು 950 ಎಂಬಿ ಜಾಗ ಹಿಡಿಯುತ್ತದೆ.

ದನಿಯ ಮಟ್ಟವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವ 24 ಬಿಟ್ ಬೇಕೇ ಎಂದು ಕೇಳುವವರಿಗೆ ಅತ್ತೆಯ ವಾಚನವೇ ಉತ್ತರ. ಕರುಣರಸದಲ್ಲಿ ಉಸಿರಿಗೆ ಇಳಿಯುವ ದನಿ ಯುದ್ಧದ ಪದ್ಯ ಬಂದಾಗ ಮನೆ ತುಂಬುತ್ತದೆ. ಅತಿ ಜೋರಿನ ಪದ್ಯವನ್ನು ಮೊದಲು ಹಾಡಿಸಿ, ಅದರ ತುದಿ ಮೈನಸ್ 12 ಡೆಸಿಬೆಲ್, ಅಂದರೆ ಮುದ್ರಣದ ಗರಿಷ್ಠ ಮಿತಿಗಿಂತ 12 ಡೆಸಿಬೆಲ್ ಕೆಳಗೆ, ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡುತ್ತೇನೆ. ಮುದ್ರಣ ನಡೆಯುವಾಗ ತಿರುಪನ್ನು ಮುಟ್ಟುವುದಿಲ್ಲ. 24 ಬಿಟ್ಟಿನಲ್ಲಿ ಮೆಲುದನಿಯನ್ನು ಆಮೇಲೆ ಏರಿಸಿದರೂ ಅದರ ಜೊತೆ ಹಿಸ್ಸೆಂಬ ಸದ್ದು ಏಳುವುದು ಕಡಿಮೆ.

ಒಂದು ಮೈಕಿನ ದನಿ ಇನ್ನೊಂದಕ್ಕೆ ನುಗ್ಗದಂತೆ ಮೂರಕ್ಕೆ ಒಂದು ಎಂಬ ಲೆಕ್ಕವನ್ನು ಪಾಲಿಸಿದೆ. ಬಾಯಿಗೂ ಮೈಕಿಗೂ 15 ಸೆಂಟಿಮೀಟರ್ ಇದ್ದರೆ ಪಕ್ಕದ ಮೈಕು ಕನಿಷ್ಠ 45 ಸೆಂಟಿಮೀಟರ್ ದೂರವಿರಬೇಕು. ಜಾಗವಿದ್ದುದರಿಂದ ನಾನು ಇಬ್ಬರ ನಡುವೆ ಒಂದು ಚಾಪೆಯ ಅಗಲ ಬಿಟ್ಟೆ. ಶ್ರುತಿಪೆಟ್ಟಿಗೆ ಮಾತ್ರ ಬಗೆಹರಿಯದೆ ಉಳಿದಿತ್ತು. ಹೆಡ್‌ಫೋನಿನಲ್ಲಿ ಶ್ರುತಿ ಕೊಡುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. "ಕಿವಿ ಮುಚ್ಚಿಕೊಂಡು ಹಾಡಿದರೆ ನನ್ನ ದನಿ ನನಗೇ ಸೇರಲ್ಲ ಕಣೋ" ಎಂದರು. ಅವರ ಮಾತೇ ಸರಿ. ಪೆಟ್ಟಿಗೆಯನ್ನು ಅವರ ಎದುರಿಗೆ, ಮೈಕಿನ ಬೆನ್ನಿನ ನೇರಕ್ಕೆ ಇಟ್ಟೆ. ಮೈಕು ಅತ್ಯಂತ ಕಡಿಮೆ ಕೇಳಿಸಿಕೊಳ್ಳುವ ದಿಕ್ಕು ಅದೇ ಆದ್ದರಿಂದ ಶ್ರುತಿ ಹಿತವಾಗಿ ಹಿಂದೆ ಸರಿಯಿತು.

ಜೂನ್ 30, ಭಾನುವಾರ

ಬೆಳಗಿನ ಐದಕ್ಕೆ, ಕಸದ ಗಾಡಿ ಮತ್ತು ಹಾಲಿನವರ ಸ್ಕೂಟರ್ ಬರುವ ಮುನ್ನ ಕೂತು, ಮೊದಲ ಬಾರಿಗೆ ಒಂದು ಸಂಧಿಯನ್ನು ಆದಿಯಿಂದ ಅಂತ್ಯದವರೆಗೆ ಮುದ್ರಿಸಿದೆವು. ಟ್ಯಾಬ್ಲೆಟ್ ಏರೋಪ್ಲೇನ್ ಮೋಡಿನಲ್ಲಿತ್ತು, ಫ್ಯಾನ್ ಆರಿಸಿತ್ತು. ಎರಡು ಟ್ರ್ಯಾಕುಗಳನ್ನು ಬೇರೆ ಬೇರೆಯಾಗಿ ಕೇಳಿದೆ. ಅತ್ತೆಯ ಟ್ರ್ಯಾಕಿನಲ್ಲಿ ದೊಡ್ಡಪ್ಪ ದೂರದ ಕೋಣೆಯಲ್ಲಿ ಮಾತನಾಡುತ್ತಿರುವಷ್ಟು ಮಾತ್ರ ಇದ್ದಾರೆ. ಆಮೇಲೆ ಒಂದನ್ನು ಏರಿಸಲು, ಇನ್ನೊಂದನ್ನು ಇಳಿಸಲು ಅಷ್ಟು ಸಾಕು.

ಉಳಿದಿರುವ ದೋಷ ಒಂದೇ. ಅರ್ಥ ಹೇಳುವ ಹುರುಪಿನಲ್ಲಿ ದೊಡ್ಡಪ್ಪ ಮಣೆಯನ್ನು ಅಂಗೈಯಿಂದ ತಟ್ಟುತ್ತಾರೆ. ಅವರ ಮೈಕಿನ ಸ್ಟ್ಯಾಂಡ್ ಅದೇ ಮಣೆಯ ಮೇಲಿರುವುದರಿಂದ ಪ್ರತಿ ಪೆಟ್ಟೂ ಧಡ್ ಎಂದು ಬರುತ್ತದೆ. ತಟ್ಟಬೇಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆ ತಟ್ಟುವಿಕೆಯೊಡನೆಯೇ ಅವರ ಮಾತಿಗೆ ಕಸುವು ಬರುವುದು. ಮುಂದಿನ ಭಾನುವಾರಕ್ಕೆ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡ್ ತಂದು, ಅದರ ಕಾಲುಗಳಡಿ ನಾಲ್ಕು ಮಡಿಕೆಯ ಜಮಖಾನೆ ಹಾಸುತ್ತೇನೆ.